ಬಲಕ್ಕೆ ವಾಲಿದ ಅಕ್ಷರ

ಹಿರೇಕೆರೂರಿನ ನಮ್ಮ ಬೀಜದ ಗೋದಾಮಿಗೆ ಅಕ್ಷರ ಹೊಡೆಯಲು ಸವಣೂರಿನಿಂದ ಒಬ್ಬ ಪೇಂಟರ್ ಬರುತ್ತಿದ್ದರು. ತಗಡಿನಲ್ಲಿ ಅಕ್ಷರ ಕೊರೆದು, ಅದನ್ನು ಬಟ್ಟೆಯ ಚೀಲದ ಮೇಲಿಟ್ಟು ಕರಿ ಬಣ್ಣದ ಬ್ರಷ್ ಒತ್ತುತ್ತಿದ್ದರು. ದಪ್ಪ ಅಕ್ಷರಗಳು, ಎಲ್ಲವೂ ಬಲಕ್ಕೆ ವಾಲಿದವು. ಯಾಕೆಂದು ಕೇಳಿದಾಗೆಲ್ಲ ಒಂದು ಕಣ್ಣು ಮುಚ್ಚಿ, "ನೆಟ್ಟಗ ನಿಂತದ್ದನ್ನ ಯಾರ್ ನೋಡ್ತಾರ್ರಿ?" ಎನ್ನುತ್ತಿದ್ದರು.

ಔಷಧ ಸವರಿದ ಬೀಜದ ಚೀಲಗಳಿಗೆ ಅವರು ಹೊಡೆಯುತ್ತಿದ್ದುದು ಒಂದೇ ಮಾತು: ವಿಷ. ಖಾಲಿಯಾದ ಚೀಲಗಳನ್ನು ಕಾಯುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಇಬ್ಬರೂ ಚಹಾಕ್ಕೆ ಹೊರಟಾಗ ಅವರು ಹಿಟ್ಟಿನ ಗಿರಣಿಯ ಮುಂದೆ ತಟ್ಟನೆ ನಿಂತರು. ನಮ್ಮಲ್ಲೇ ಬೀಜ ಆರಿಸುವ ಹೆಣ್ಣುಮಗಳೊಬ್ಬಳು ಗಿರಣಿಗೆ ಜೋಳ ಸುರಿಯುತ್ತಿದ್ದಳು. ಆಕೆಯ ಚೀಲದ ಮೇಲೆ ಮಸುಕಾಗಿ ಏನೋ ಎಡಕ್ಕೆ ವಾಲಿತ್ತು. ಒಳಮೈ ಹೊರಗೆ ಮಾಡಿದ ಚೀಲದಲ್ಲಿ ಅವರದೇ ಅಕ್ಷರ ಉಲ್ಟಾ ಕಾಣುತ್ತಿತ್ತು.

"ಗಿರಣಿ ಬಂದ್ ಮಾಡ್ರಿ!" ಎಂದು ಕೂಗಿ ಅವರು ಚೀಲಕ್ಕೆ ಕೈ ಹಾಕಿದರು.

"ಚಾಚಾ, ಬಿಡ್ರಿ! ಸೋಪ್ ಹಾಕಿ ತೊಳದೇನಿ. ಮನ್ಯಾಗ ಹುಡುಗ್ರು ರೊಟ್ಟಿಗೆ ಕಾಯಾಕತ್ತಾವ."

"ತೊಳದ್ರ ಬಣ್ಣಾನ ಹೋಗಿಲ್ಲವ್ವಾ, ಔಷಧ ಹೋಗಿರತೈತೇನು?"

ಆಕೆಯ ಕೈ ಸಡಿಲವಾಯಿತು. ಗಿರಣಿಗೆ ಬಿದ್ದ ಕಾಳು, ಹಿಟ್ಟು ಎಲ್ಲವನ್ನೂ ಬಳಿದು ತೆಗೆದು, ಹಿತ್ತಲಲ್ಲಿ ಹೂಳಿದೆವು.

ಚೀಲ ಹೇಗೆ ಹೊರಗೆ ಹೋಯಿತೆಂದು ಅವರು ನನ್ನನ್ನು ಕೇಳಲಿಲ್ಲ. ಗೋದಾಮಿಗೆ ಬಂದು ಚಾಕು ಹಿಡಿದು ಖಾಲಿ ಚೀಲಗಳ ಮುಂದೆ ಕುಳಿತರು. ಬಣ್ಣದ ಅಂಚು ಹಿಡಿದು ಆ ಎರಡು ಅಕ್ಷರಗಳನ್ನು ಒಂದೊಂದು ಚೀಲದಲ್ಲೂ ಆರಪಾರ ಕೊರೆದರು. ಇನ್ನು ಹೇಗೆ ತಿರುವಿದರೂ ಅವುಗಳಲ್ಲಿ ಒಂದು ಕಾಳೂ ನಿಲ್ಲುವಂತಿರಲಿಲ್ಲ.