ಶೋರೂಮಿನಲ್ಲಿ ಸಿಕ್ಕ ಅಕ್ಕ

“ತಂಗಿ, ನಿಮಗ ಎಷ್ಟ್ ಹೇಳ್ಯಾರ?”

ಪಕ್ಕದ ಮೇಜಿನಲ್ಲಿ ಒಬ್ಬರೇ ಕುಳಿತಿದ್ದ ಹೆಂಗಸು ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು. ಹೊಸ ಕಾರು ಕೊಳ್ಳಲು ನಾವು ಗಂಡ-ಹೆಂಡತಿ ಸಿಂದಗಿಯಿಂದ ವಿಜಯಪುರದ ಶೋರೂಮಿಗೆ ಹೋಗಿದ್ದೆವು. ಹೇಳಿದ ದರಕ್ಕೆ ಒಪ್ಪಿ ಇವರು ಆಗಲೇ ಚೆಕ್‌ಬುಕ್ ತೆಗೆಯುತ್ತಿದ್ದರು.

ಆಕೆ ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ನಡೆಸುವ ರಜಿಯಾ. ಅವರು ಕೊಳ್ಳಲು ಬಂದದ್ದೂ ಅದೇ ಕಾರು. ಇಬ್ಬರ ದರವನ್ನೂ ಜೋಡಿಸಿ ನೋಡಿದೆವು. ಅವರಿಗೆ ವಿಮೆಗೆ ಕಡಿಮೆ ಹಾಕಿದ್ದರು, ಸೀಟ್ ಕವರು ಮತ್ತು ಮ್ಯಾಟುಗಳಿಗೆ ಹೆಚ್ಚು. ನಮಗೆ ಅದರ ಉಲ್ಟಾ. ರಜಿಯಾ ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೇ ಬಂದು ಕುಳಿತರು.

ಸುದ್ದಿ ತಿಳಿದು ಮ್ಯಾನೇಜರ್ ಬಂದರು. ಮೊದಲು ಚಹಾ ತೆಗೆದುಕೊಳ್ಳಿ ಎಂದರು.

“ಚಾ ಕುಡದ್ರ ಭಿಡೆ ಆಗ್ತೈತ್ರಿ, ಆಮ್ಯಾಲ ಕುಡೀತೇವಿ,” ಎಂದರು ರಜಿಯಾ. “ನಾವು ಕೂಡಿ ಎರಡು ಗಾಡಿ ತಗೋತೇವಿ. ವಿಮಾ, ಕವರು ಎಲ್ಲಾ ಇಬ್ಬರಿಗೂ ಕಡಿಮಿ ಇದ್ದದ್ದ ಹಚ್ರಿ. ಇಲ್ಲಂದ್ರ ಇಬ್ಬರೂ ಹೊಂಟ್ವಿ.”

ನನಗೆ ಎಲ್ಲಿಂದ ಧೈರ್ಯ ಬಂತೋ, ಬ್ಯಾಗು ಹೆಗಲಿಗೇರಿಸಿ ನಾನೂ ಎದ್ದು ನಿಂತೆ. ಇವರು ಗಾಬರಿಯಾಗಿ ನನ್ನ ಮುಖ ನೋಡಿದರು. ಮ್ಯಾನೇಜರ್ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಕೊನೆಗೆ ನಕ್ಕು, ಇಬ್ಬರಿಗೂ ಕಡಿಮೆಯದನ್ನೇ ಬರೆದುಕೊಟ್ಟರು.

ಎಷ್ಟು ಉಳಿಯಿತೆಂಬುದು ಇವರಿಗೆ ನೆನಪಿದೆ, ನನಗಿಲ್ಲ. ಬಾಗೇವಾಡಿಯ ಕಡೆ ಹೋದರೆ ರಜಿಯಾ ಅಕ್ಕ ಊಟ ಮಾಡಿಸದೆ ಕಳಿಸುವುದಿಲ್ಲ. ಅವರ ಮನೆಯ ಮುಂದೆ ಎರಡು ಬಿಳಿ ಕಾರುಗಳು ಜೋಡಿಯಾಗಿ ನಿಂತಾಗ, ಯಾವುದು ಯಾರದೆಂದು ಕೀಲಿ ಒತ್ತಿ ನೋಡಬೇಕು.