ಎಡಗಿವಿ ಪಾಪಮ್ಮನದು

ಜಾವಳಿ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಕುಸುಮಕ್ಕನ ಫೋನಿಗೆ, ಕಾದಂಬರಿ ಓದಿ ಹೇಳುವ ಆ್ಯಪ್ ಹಾಕಿಕೊಟ್ಟ ಪುಣ್ಯಾತ್ಮ ನಾನೇ. ಎಸ್ಟೇಟಿನ ರೈಟರ್ ಆದವನು ಹಾಜರಿ ಬರೆದುಕೊಂಡು ಸುಮ್ಮನಿರಬೇಕಿತ್ತು. ಇಲ್ಲದ ಉಸಾಬರಿ ಮೈಮೇಲೆ ಎಳೆದುಕೊಂಡೆ.

ಕುಸುಮಕ್ಕ ಓದಿದ್ದು ನಾಲ್ಕನೇ ಕ್ಲಾಸು. ಅಭಿಪ್ರಾಯ ಹೇಳುವುದರಲ್ಲಿ ಮಾತ್ರ ಯಾವ ಪ್ರೊಫೆಸರಿಗೂ ಕಡಿಮೆಯಿರಲಿಲ್ಲ. ರಾಜರಾಣಿಯರ ಕಾದಂಬರಿ ಕೇಳಿದ ಮರುದಿನ, ಅದನ್ನು ಬರೆದವನು ನಾನೇ ಎಂಬಂತೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

“ಅಲ್ಲ ರೈಟ್ರೇ, ರಾಣಿ ಸೀರೆ ವರ್ಣನೆ ಮುಗಿಯೋದ್ರೊಳಗೆ ನಾನು ಎರಡು ಗಿಡ ಕುಯ್ದು ಮುಗಿಸ್ದೆ. ಆ ಸೀರೆ ಒಗೆಯೋಳ ಬಗ್ಗೆ ಒಂದು ಮಾತಿಲ್ವಲ್ಲ! ಓದೋ ಗಂಡಸು ಬೇರೆ, ರಾಣಿ ಮಾತು ಬಂದಾಗ ಬಾಲ ತುಳಿಸ್ಕೊಂಡ ಬೆಕ್ಕಿನ ಹಂಗೆ ದನಿ ತೆಗೀತಾನೆ.”

ಪತ್ತೇದಾರಿ ಕಥೆಯೆಂದರೆ ಅವಳಿಗೆ ಪ್ರಾಣ. “ಎಲ್ಲರಿಗೂ ಬೇಕಾದೋರು ಯಾರು ಅಂತ ನೋಡಿ. ಕೊನೆಗೆ ಅವರೇ ಕೊಲೆ ಮಾಡಿರ್ತಾರೆ,” ಎನ್ನುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು.

ಪಕ್ಕದ ಸಾಲಿನಲ್ಲಿ ಕುಯ್ಯುತ್ತಿದ್ದವಳು ಪಾಪಮ್ಮ. ಅರವತ್ತು ದಾಟಿದ್ದಳು, ಕಿವಿ ಮಂದ. ಸಾಲು ಮುಗಿದಾಗಲೆಲ್ಲ ಕುಸುಮಕ್ಕ ಅವಳ ಕಿವಿಗೆ ಬಾಯಿಟ್ಟು ಅಷ್ಟೂ ಕಥೆ ಒಪ್ಪಿಸಬೇಕಿತ್ತು. ಪಾಪಮ್ಮ ಅದನ್ನು ಸಂಜೆ ಮನೆಗೆ ಹೊತ್ತೊಯ್ದು, ಮಗಳು ಗಗನಾಳಿಗೆ ಹೇಳುತ್ತಿದ್ದಳು.

ಆನೆ ಕಾಟ ಹೆಚ್ಚಿದ ಮೇಲೆ ನಮ್ಮಲ್ಲಿ ಜೋಡಿಯಾಗಿಯೇ ಕುಯ್ಯಬೇಕೆಂಬ ಕಟ್ಟುಪಾಡು ಬಂತು. ಮೇಸ್ತ್ರಿ ದಯಾನಂದ ‘ಆನೆ’ ಎಂದು ಕೂಗಿದರೆ ಜೋಡಿಯ ಕೈ ಹಿಡಿದು ರಸ್ತೆಗೆ ಓಡಬೇಕು. ಕಿವಿ ಮಂದವಾದವರಿಗೆ ಕಿವಿ ಚುರುಕಿದ್ದವರೇ ಜೋಡಿ. ಹಾಗಾಗಿ ಕುಸುಮಕ್ಕ ಬಲಗಿವಿಗೆ ಮಾತ್ರ ಇಯರ್‌ಫೋನ್ ಹಾಕುತ್ತಿದ್ದಳು. “ಕಥೆಗೆ ಒಂದು ಕಿವಿ ಸಾಕು. ಎಡಗಿವಿ ನಂದು ಕಣೇ,” ಎಂದು ಪಾಪಮ್ಮ ನಗುತ್ತಿದ್ದಳು.

ಹೋದ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ, ಪಕ್ಕದ ತೋಟದಲ್ಲಿ ಸಿಲ್ವರ್ ಮರ ಕುಯ್ಯುವ ಮಿಷನ್ ಒಂದೇ ಸಮ ಅರಚುತ್ತಿತ್ತು. ಕುಸುಮಕ್ಕನ ಪತ್ತೇದಾರಿ ಕಾದಂಬರಿ ಕೊನೆಯ ಭಾಗಕ್ಕೆ ಬಂದಿತ್ತು.

ದಯಾನಂದನ ಕೂಗು ಕೇಳಿ ಎಲ್ಲರೂ ರಸ್ತೆಗೆ ಓಡಿ ಬಂದರು, ಇವರಿಬ್ಬರನ್ನು ಬಿಟ್ಟು. ಆನೆ ಆಚೆ ದಾಟಿದ ಮೇಲೆ ಮೊದಲು ಅಲ್ಲಿಗೆ ಓಡಿದವನು ನಾನು. ಪಾಪಮ್ಮ ಮುಗಿದುಹೋಗಿದ್ದಳು. ಕುಸುಮಕ್ಕ ಪಕ್ಕದಲ್ಲಿ ಕಂಬದಂತೆ ನಿಂತಿದ್ದಳು, ಎರಡೂ ಕಿವಿಯಲ್ಲಿ ವೈರು. ಎಳೆದು ತೆಗೆದೆ. ಓದುವವನ ದನಿ ಸಣ್ಣಗೆ ಇನ್ನೂ ಕೇಳುತ್ತಿತ್ತು. ಉಳಿದವರು ಬರುವುದರೊಳಗೆ ವೈರನ್ನು ಅವಳ ಕುಯ್ಲಿನ ಚೀಲಕ್ಕೆ ತುರುಕಿದೆ.

“ಮಿಷನ್ ಸದ್ದಿಗೆ ಕೇಳಿಸ್ಲಿಲ್ಲ,” ಎಂದಳು ಎಲ್ಲರ ಮುಂದೆ. ಎಲ್ಲರೂ ನಂಬಿದರು. ಎಲ್ಲರಿಗೂ ಬೇಕಾದವಳು, ಯಾರು ಅನುಮಾನ ಪಡುತ್ತಾರೆ? ನಾನು ಬಾಯಿ ಬಿಡಲಿಲ್ಲ. ಅದಕ್ಕಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ಈ ವರ್ಷದ ಕುಯ್ಲಿಗೆ ಅವ್ವನ ಜಾಗಕ್ಕೆ ಗಗನಾ ಬಂದಳು. ಕುಸುಮಕ್ಕನ ಜೋಡಿಯೇ ಬೇಕೆಂದು ಕೇಳಿ ಹಾಕಿಸಿಕೊಂಡಳು. ಮೊದಲ ದಿನ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ, ನಾನು ಹಾಜರಿ ಪುಸ್ತಕ ಹಿಡಿದು ಅಲ್ಲೇ ಇದ್ದೆ.

“ಕುಸುಮಕ್ಕ, ಆ ಕಥೇಲಿ ಕೊಲೆ ಮಾಡಿದ್ದು ಯಾರು?” ಎಂದು ಕೇಳಿದಳು ಗಗನಾ. “ಅವತ್ತು ಸಂಜೆ ಬಂದು ಹೇಳ್ತೀನಿ ಅಂದಿದ್ಲು ಅವ್ವ.”

ಕುಸುಮಕ್ಕನ ಕೈಯ ತುತ್ತು ಡಬ್ಬಿಗೆ ಬಿತ್ತು.

“ಎರಡೂ ಕಿವಿಗೆ ಹಾಕಿದ್ದೆ ಗಗನಾ. ಮೇಸ್ತ್ರಿ ಕೂಗಿದ್ದು ಅದಕ್ಕೇ ಕೇಳಿಸ್ಲಿಲ್ಲ. ಎಲ್ಲರಿಗೂ ಸುಳ್ಳು ಹೇಳ್ದೆ.”

ಗಗನಾ ಬುತ್ತಿ ಮುಚ್ಚಿ ಎದ್ದು ಹೋದಳು. ಮರುದಿನ ದಯಾನಂದನ ಹತ್ತಿರ ಬೇರೆ ಜೋಡಿ ಕೇಳಿದಳು. ನಾನೇ ಪುಸ್ತಕದಲ್ಲಿ ಬದಲಾಯಿಸಿ ಬರೆದೆ.

ಕುಸುಮಕ್ಕ ಈಗ ಪತ್ತೇದಾರಿ ಕಥೆ ಮುಟ್ಟುವುದಿಲ್ಲ. ಬಲಗಿವಿಯಲ್ಲಿ ಹಳೆಯ ರಾಜರ ಯುದ್ಧ ಓಡುತ್ತಿರುತ್ತದೆ. ಎಡಗಿವಿ ಗಗನಾ ಕುಯ್ಯುವ ಸಾಲಿನ ಕಡೆಗೆ. ರಾಣಿಯ ಸೀರೆಯನ್ನೂ ಈಗ ಬೈಯುವುದಿಲ್ಲ. ಇವೇ ಯಾಕೆ ಕೇಳುತ್ತೀಯ ಎಂದು ಮೊನ್ನೆ ಕೇಳಿದೆ.

“ಇದ್ರಲ್ಲಿ ಎಲ್ರೂ ನಾನು ಕೇಳೋಕೆ ಮುಂಚೆನೇ ಸತ್ತಿರ್ತಾರೆ ರೈಟ್ರೇ,” ಎಂದಳು. “ಯಾರನ್ನೂ ಕೈ ಹಿಡಿದು ಎಳ್ಕೊಂಡು ಓಡ್ಬೇಕಾಗಿಲ್ಲ.”