ಹಡಗಿನಲ್ಲಿ ಹೊಲಿದ ಪುಟ್ಟ ಕೌದಿ

ನಮ್ಮ ಗುಲ್ಬರ್ಗಾ ಜಿಲ್ಲೆ ಹೈದರಾಬಾದಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಡೆದದ್ದು ಇದು. ಆಗಿನ್ನೂ ನನಗೆ ಹೊಸದಾಗಿ ಮದುವೆಯಾಗಿತ್ತು. ತವರು ಸುರಪುರ, ಗಂಡನ ಮನೆ ಶಹಾಪುರ ತಾಲ್ಲೂಕಿನ ಶಿರವಾಳ. ಕುರಿ ಸಾಕುವ ಮನೆತನ ಅದು. ಆ ಮನೆಯಲ್ಲಿ ಕಿರಿಯ ಮಗ ಒಬ್ಬರೇ ಓದಿದವರು. ಓದಿ ಓದಿ ಎಲ್ಲಿಗೆ ಹೋದರೆಂದರೆ, ಆಫ್ರಿಕಾದ ಮೊಂಬಾಸಾ ಎಂಬ ಊರಿಗೆ ಹೋಗಿ ಅಲ್ಲೊಂದು ಶಾಲೆಯಲ್ಲಿ ಮಾಸ್ತರರಾದರು. ಅವರೇ ನನ್ನ ಯಜಮಾನರು. ಬೇಸಿಗೆಯಲ್ಲಿ ರಜೆಗೆ ಬಂದವರು ನನ್ನನ್ನು ಮದುವೆಯಾದರು, ಕೆಲವು ದಿನ ಇದ್ದರು, ಕಾಗದಪತ್ರ ಆದಮೇಲೆ ಬಾ ಎಂದು ಹೇಳಿ ಹಡಗು ಹತ್ತಿದರು. ನಾನು ತವರಿಗೆ ಹೋಗಿ ಕೂತೆ.

ಹೊಸ ಸೊಸೆಯನ್ನು ಒಬ್ಬಳನ್ನೇ ಸಮುದ್ರ ದಾಟಿಸುವುದು ಹೇಗೆ ಎಂದು ಮನೆಯಲ್ಲಿ ದೊಡ್ಡ ಚರ್ಚೆಯಾಯಿತಂತೆ. ಹಿರಿಯ ಭಾವ ಕುರಿ ಬಿಟ್ಟು ಬರುವವರಲ್ಲ. ಆಗ ನನ್ನ ಅತ್ತೆ ಮಾಳಮ್ಮ, "ನಾ ಹೋಗ್ತೀನಿ. ಮಗನ ಮಾರಿನೂ ನೋಡಿದಂಗ ಆಗ್ತದ" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟರು. ಯಾದಗಿರಿಯಿಂದ ಆಚೆ ರೈಲಿನಲ್ಲೂ ಹೋದವರಲ್ಲ ಅವರು. ಇಬ್ಬರಿಗೂ ಕಾಗದಪತ್ರ ಸಿದ್ಧವಾಗುವಷ್ಟರಲ್ಲಿ ಗಣಪತಿ ಹಬ್ಬ ಮುಗಿದಿತ್ತು. ಹೊರಡುವ ಹಿಂದಿನ ದಿನ ನಾನು ಸುರಪುರದಿಂದ ಶಿರವಾಳಕ್ಕೆ ಬಂದೆ. ನಿಜ ಹೇಳಬೇಕೆಂದರೆ, ಅತ್ತೆಯ ಜೊತೆ ನಾನು ಅಲ್ಲಿಯವರೆಗೆ ನಾಲ್ಕು ಮಾತು ನೆಟ್ಟಗೆ ಆಡಿರಲಿಲ್ಲ. ಅವರ ಬಿರುಸು ದನಿ ಕೇಳಿದರೇ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು.

ಅತ್ತೆಯ ಸಾಮಾನು ಎರಡೇ ಗಂಟು. ಒಂದರಲ್ಲಿ ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಗರಿಗರಿಯಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. "ಈ ಊರಾಗ ರೊಟ್ಟಿ ಸಿಗೂದಿಲ್ಲ" ಎಂದು ಮಗ ಬರೆದಿದ್ದನಂತೆ. ಇನ್ನೊಂದರಲ್ಲಿ ಹಳೆ ಸೀರೆಗಳು, ದಾರ, ಸೂಜಿ. ಹಳೆ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಅತ್ತೆ ಸುತ್ತಲಿನ ಊರಿಗೇ ಹೆಸರಾದವರು. ಕುರಿ ಕಾಯಲು ಹೋದರೂ ಮಡಿಲಲ್ಲಿ ಬಟ್ಟೆ ಇರುತ್ತಿತ್ತು. ದಿನಕ್ಕೊಂದು ಸಾಲಾದರೂ ಹೊಲಿಯದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮುಂಬಯಿಯಲ್ಲಿ ಹಡಗು ಹತ್ತಿದೆವು. ನಮ್ಮದು ಅಗ್ಗದ ಟಿಕೀಟು, ಕೆಳಗಿನ ಅಂತಸ್ತಿನಲ್ಲಿ ಹಾಸಿಗೆ ಹಾಸಿಕೊಂಡು ಇರಬೇಕು. ಪಕ್ಕದಲ್ಲಿ ಒಬ್ಬ ಗುಜರಾತಿ ಹೆಂಗಸು. ಯಾವ ಊರಿನವರು ಎಂದು ಆಕೆ ಹಿಂದಿಯಲ್ಲಿ ಕೇಳಿದಾಗ ಅತ್ತೆ ತಮ್ಮ ಮುರುಕು ಉರ್ದುವಿನಲ್ಲಿ ನಿಜಾಮರ ಸೀಮೆ ಎಂದರು. "ಈಗ ಮೈಸೂರು ರಾಜ್ಯ ಅನಬೇಕ್ರಿ ಅತ್ತಿ" ಎಂದು ನಾನು ಮೆಲ್ಲಗೆ ತಿದ್ದಿದೆ. "ಮೈಸೂರು ಎಲ್ಲದನೋ ಯಾರ ಬಲ್ಲರು! ನಾ ಕಣ್ಣಿಲೆ ಕಾಣದ ಊರಿನಾಕಿ ಅಂತ ಹ್ಯಾಂಗ ಹೇಳ್ಲಿ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಮೊದಲ ದಿನ ಚೆನ್ನಾಗಿಯೇ ಇತ್ತು. ಅತ್ತೆ ಹಡಗಿನ ಮೇಲಿನ ಬಯಲು ಅಂತಸ್ತಿಗೆ ಬಂದು ಗಾಳಿಗೆ ಬೆನ್ನು ಕೊಟ್ಟು ಕೂತು, ಮಗನಿಗೆಂದು ಶುರು ಮಾಡಿದ್ದ ದೊಡ್ಡ ಕೌದಿಯನ್ನು ಹೊಲಿದರು. ಹಡಗು ಸ್ವಲ್ಪ ಓಲಾಡಿದಾಗ ಹೊಲಿಗೆಯೂ ಓಲಾಡಿತು. ಅತ್ತೆ ಬಿಚ್ಚಿ ಮತ್ತೆ ಹೊಲಿದರು. "ಈ ಹಡಗದ ನೋಡು, ಹೆದರಿದ ಎತ್ತಿನಂಗ ಸಾಲು ಬಿಟ್ಟು ಓಡ್ತದ" ಎಂದರು. ನನಗೆ ನಗು ಬಂತು. ಅವರೂ ಒಂದು ಚೂರು ನಕ್ಕರು.

ಮರುದಿನದಿಂದ ಸಮುದ್ರ ರೊಚ್ಚಿಗೆದ್ದಿತು. ಎಲ್ಲರಿಗೂ ವಾಂತಿ. ನಾನು ತಗಡಿನ ಡಬ್ಬಿಯನ್ನು ಅಪ್ಪಿಕೊಂಡೇ ಇದ್ದೆ. ಆದರೆ ಹೇಗೋ ನಡುನಡುವೆ ನಾಲ್ಕು ಗುಟುಕು ಗಂಜಿ ಇಳಿಯುತ್ತಿತ್ತು. ಅತ್ತೆಯದು ಅದೂ ಇಲ್ಲ. ಹಡಗಿನವರು ಕೊಡುವ ಅನ್ನ, ಖಿಚಡಿಯ ವಾಸನೆಗೇ ಮುಖ ತಿರುಗಿಸುತ್ತಿದ್ದರು. ನೀರು ಬಿಟ್ಟರೆ ಬೇರೇನೂ ಬಾಯಿಗೆ ಹಾಕಲಿಲ್ಲ. ಸೂಜಿಯನ್ನೂ ಮುಟ್ಟಲಿಲ್ಲ. ಅದನ್ನು ಕಂಡ ಮೇಲೆ ನನಗೆ ನಿಜವಾದ ಭಯ ಶುರುವಾಯಿತು.

"ಅತ್ತಿ, ಒಂದು ರೊಟ್ಟಿ ಮುರದು ಕೊಡ್ಲೇನ್ರಿ? ನಿಮ್ಮ ಕೈಲೆ ಬಡದಿದ್ದು, ಹೊಟ್ಟ್ಯಾಗ ನಿಲ್ತದ" ಎಂದೆ.

"ಆ ಗಂಟು ಮುಟ್ಟಬ್ಯಾಡ. ನನ್ನ ಮಗ ತಿಂದ ಮ್ಯಾಲೇ ಉಳದವರು. ನಮ್ಮ ಮನಿದೇವರು ಬೀರಪ್ಪನ ಹೆಸರಿಲೆ ಕಟ್ಟೀನಿ."

ತಲೆದಿಂಬಾಗಿ ರೊಟ್ಟಿ ಗಂಟನ್ನೇ ಇಟ್ಟುಕೊಂಡು ಉಪವಾಸ ಬಿದ್ದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಹಡಗಿನ ಡಾಕ್ಟರು ಬಂದು ನಾಡಿ ನೋಡಿದರು. ಏನಾದರೂ ತಿನ್ನಿಸಿ, ಇಲ್ಲವಾದರೆ ಈ ವಯಸ್ಸಿಗೆ ಕಷ್ಟ ಎಂದು ನನಗೆ ಹಿಂದಿಯಲ್ಲಿ ಹೇಳಿ ಹೋದರು. ಆ ಗುಜರಾತಿ ಹೆಂಗಸು ಸುಮ್ಮನಿರಬಾರದೇ? ಹಿಂದೊಮ್ಮೆ ಹೀಗೇ ಒಬ್ಬರು ತೀರಿಕೊಂಡರು, ಬಟ್ಟೆ ಸುತ್ತಿ ಸಮುದ್ರಕ್ಕೆ ಇಳಿಸಿಬಿಟ್ಟರು ಎಂದಳು. ಅತ್ತೆಗೆ ಅಷ್ಟು ಹಿಂದಿ ತಿಳಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದುಕೊಂಡರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಸಂಗವ್ವ, ನಮ್ಮ ಹಿರ್ಯಾರೆಲ್ಲ ಹೊಲದಾಗ, ಮಣ್ಣಾಗ ಮಲಗ್ಯಾರ. ನಾ ಒಬ್ಬಾಕೀನೇ ಮೀನಿನ ಬಾಯಿಗಿ ಹೋಗಬೇಕೇನು? ನನ್ನ ನೀರಾಗ ಒಗ್ಯಾಕ ಬಿಡಬ್ಯಾಡ" ಎಂದರು. ಬಿಡೂದಿಲ್ರಿ ಎಂದೆ. ಹಾಗೆನ್ನಲು ನನಗೆ ಯಾವ ಅಧಿಕಾರವಿತ್ತು? ನನಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಮೇಲೆ ಹೋಗಿ, ಕಂಬಿ ಹಿಡಿದು ನಿಂತು, ಸುರಪುರದಲ್ಲಿದ್ದ ನಮ್ಮವ್ವನನ್ನು ನೆನೆದು ಅತ್ತುಬಿಟ್ಟೆ.

ಅಳುವಾಗಲೇ ಹೊಳೆಯಿತು. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಕೌದಿ ಹೊಲಿದು ಮುಗಿಸುವಾಗ ಒಂದು ಮೂಲೆಯನ್ನು ಮುಚ್ಚದೆ ಬಿಡುತ್ತಾರೆ. ಮನೆಯ ಹಿರಿಯ ಹೆಂಗಸು ರೊಟ್ಟಿ ಮುರಿದು ಮೊದಲು ತಾನು ಒಂದು ತುತ್ತು ತಿಂದು, ಅದೇ ರೊಟ್ಟಿಯ ಒಂದು ಚೂರನ್ನು ಆ ಮೂಲೆಯೊಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಈ ಪದ್ಧತಿಯನ್ನು ಅತ್ತೆ ಯಾವ ಕಾರಣಕ್ಕೂ ಮೀರುವವರಲ್ಲ. ಕೌದಿ ಮುಗಿದರೆ ರೊಟ್ಟಿ ಗಂಟು ಬಿಚ್ಚಲೇಬೇಕು, ತಿನ್ನಲೇಬೇಕು!

ಆದರೆ ಆ ದೊಡ್ಡ ಕೌದಿ ಮುಗಿಯುವುದರೊಳಗೆ ಆಫ್ರಿಕಾ ಬಂದು ಹೋಗುತ್ತಿತ್ತು. ಅದಕ್ಕೆ ನಾನು ಅವರ ಗಂಟಿನಿಂದ ಉಳಿಕೆ ತುಂಡುಗಳನ್ನು ಆಯ್ದುಕೊಂಡು, ಅವರ ಬೆನ್ನ ಹಿಂದೆ ಕೂತು ಒಂದು ಪುಟ್ಟ ಕೌದಿ ಶುರು ಮಾಡಿದೆ. ಉದ್ದ ಒಂದೂವರೆ ಮೊಳ ಇದ್ದೀತು. ಎಷ್ಟು ಚಿಕ್ಕದಾದರೂ ಕೌದಿ ಕೌದಿಯೇ, ಅದಕ್ಕೂ ಹೊಟ್ಟೆ ಇರುತ್ತದೆ ಎಂಬುದು ನನ್ನ ಲೆಕ್ಕ. ಹಡಗು ಎದ್ದಾಗ ಸೂಜಿ ತಡೆದು, ಇಳಿದಾಗ ಚುಚ್ಚಿ, ನಡುವೆ ಡಬ್ಬಿಗೆ ವಾಂತಿ ಮಾಡಿ, ಬಾಯಿ ತೊಳೆದು ಮತ್ತೆ ಹೊಲಿದೆ. ಬೆರಳಿಗೆ ಚುಚ್ಚಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಗಂಜಿ ಕುಡಿಯಲು ಎದ್ದರೆ ಹೊತ್ತು ಹೋಗುತ್ತದೆ ಎಂದು ಅದನ್ನೂ ಬಿಟ್ಟೆ.

ಇನ್ನೊಂದು ಬದಿ ಉಳಿದಿದೆ ಎನ್ನುವಾಗ ಅತ್ತೆ ಹೊರಳಿ ನೋಡಿಬಿಟ್ಟರು. ಕಣ್ಣು ಕೌದಿಯ ಮೇಲೆ ನಿಂತಿತು. ಆಮೇಲೆ ಡಬ್ಬಿಯ ಕಡೆ, ಆಮೇಲೆ ನನ್ನ ಹೊಟ್ಟೆಯ ಕಡೆ. ಎರಡು ದಿನದಿಂದ ತಲೆ ಎತ್ತದಿದ್ದವರು ದಡಕ್ಕನೆ ಎದ್ದು ಕೂತರು.

"ಯವ್ವಾ! ಎಷ್ಟು ತಿಂಗಳಾತು?"

ನನಗೆ ಏನೂ ತಿಳಿಯಲಿಲ್ಲ. "ಏನ್ರಿ?"

"ಕೂಸಿನ ಕೌದಿ ಹೊಲಿಯಾಕತ್ತೀಯಲ್ಲ! ಅದಕ್ಕೇ ಈ ಪರಿ ವಾಂತಿ! ತವರಾಗ ಕುಂತು ಒಂದು ಮಾತು ತಿಳಿಸಬಾರದೇನ? ಮತ್ತ ನಿನಗೇನರ ಬುದ್ಧಿ ಅದ ಏನು? ಹುಟ್ಟೂಕಿಂತ ಮೊದಲೇ ಕೂಸಿಗಿ ಯಾರರ ಹೊಲೀತಾರ? ದೃಷ್ಟಿ ಆಗ್ತದ, ತಾ ಇಲ್ಲಿ!"

ಹೇಳುತ್ತಲೇ ನನ್ನ ಕೈಯಿಂದ ಕೌದಿಯನ್ನು ಕಸಿದುಕೊಂಡರು. ಕಣ್ಣಿಗೆ ಹಿಡಿದು ನೋಡಿ, "ಇದೇನು ಹೊಲಿಗಿಯೋ, ಕೋಳಿ ಕೆದರಿದ್ದೋ?" ಎಂದು ಗೊಣಗುತ್ತ ಬಿಚ್ಚತೊಡಗಿದರು. ದೃಷ್ಟಿ ತಾಗದಿರಲಿ ಎಂದು ಸುತ್ತ ಒಂದು ಕರಿ ಪಟ್ಟಿ ಕೂಡಿಸಿದರು. ಬೈಗುಳ ಒಂದು ಕಡೆ, ಹೊಲಿಗೆ ಒಂದು ಕಡೆ, ಎರಡೂ ಸರಾಗವಾಗಿ ಸಾಗಿದವು. ಗುಜರಾತಿ ಹೆಂಗಸಿಗೆ, "ನಮ್ಮ ಮಗನಿಗಿ ಕೂಸು" ಎಂದು ತಮ್ಮ ಉರ್ದುವಿನಲ್ಲಿ ಸಾರಿಯೂ ಆಯಿತು. ಆಕೆ ನನ್ನ ಬಾಯಿಗೆ ಬೆಲ್ಲದ ತುಂಡು ಇಟ್ಟಳು. ನಾನು ಆ ಬೆಲ್ಲವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದೆ. ನಿಜ ಹೇಳಿದರೆ ಅತ್ತೆ ಮತ್ತೆ ಮಲಗಿಬಿಡುತ್ತಾರೆ. ಹೇಳದಿದ್ದರೆ ಇಲ್ಲದ ಕೂಸಿನ ಹೆಸರಿನಲ್ಲಿ ತುತ್ತು ತಿನ್ನುತ್ತಾರೆ.

ಸಂಜೆಯ ಹೊತ್ತಿಗೆ ಮೂರು ಮೂಲೆ ಮುಚ್ಚಿತು. ಅತ್ತೆ ತಾವಾಗಿಯೇ ರೊಟ್ಟಿ ಗಂಟು ಬಿಚ್ಚಿದರು. "ಬೀರಪ್ಪ ಬೈಯೂದಿಲ್ಲ, ಅಂವ ಕೊಟ್ಟ ಕೂಸಿನ ಕೌದಿ" ಎಂದು ರೊಟ್ಟಿಯನ್ನು ಟಕ್ಕನೆ ಮುರಿದರು. ತುತ್ತು ಬಾಯಿಯ ಹತ್ತಿರ ಹೋಯಿತು. ಸುಮ್ಮನಿದ್ದರೆ ನನ್ನ ಕೆಲಸ ಆಗಿಹೋಗುತ್ತಿತ್ತು. ಆದರೆ ಆ ಮುಖದ ಸಂತೋಷ ನೋಡಿ ನನ್ನಿಂದ ತಡೆಯಲಾಗಲಿಲ್ಲ.

"ಅತ್ತಿ, ಕೂಸು ಇಲ್ರಿ" ಎಂದೆ.

ಅವರ ಕೈ ಅಲ್ಲೇ ನಿಂತಿತು.

"ಏನಂದಿ?"

"ಕೂಸು ಇಲ್ರಿ. ಹಡಗಿನ ವಾಂತಿ ಇದು. ನೀವು ರೊಟ್ಟಿ ಮುಟ್ಟವಲ್ರಿ, ಕೌದಿಗಿ ಉಣಿಸೂ ಹೊತ್ತಿಗಾದರೂ ಒಂದು ತುತ್ತು ತಿಂತೀರಿ ಅಂತ ಹೊಲದೀನ್ರಿ. ದೊಡ್ಡದು ಹೊಲಿಯಾಕ ಪುರಸೊತ್ತು ಇರಲಿಲ್ರಿ, ಅದಕ್ಕ ಸಣ್ಣದು ಮಾಡೀನಿ."

ಅತ್ತೆ ಕೌದಿಯನ್ನು ತೊಡೆಯ ಮೇಲೆ ಹಾಸಿ ಅಂಗೈಯಿಂದ ಸವರಿದರು. ನಾನು ಹೊಲಿದು, ಅವರು ಬಿಚ್ಚದೆ ಉಳಿಸಿದ್ದ ಸಾಲುಗಳ ಮೇಲೆ ಬೆರಳು ಆಡಿಸಿದರು. ಬೈಯುತ್ತಾರೆ ಎಂದುಕೊಂಡೆ.

ಕೊನೆಗೆ ತಲೆ ಎತ್ತಿ ನನ್ನ ಮುಖ ನೋಡಿದರು. "ಇಷ್ಟೆಲ್ಲಾ ಹೊಲಿಯೂವಾಗ ನೀ ಉಂಡೀ ಏನು?" ಎಂದು ಕೇಳಿದರು.

ಇಲ್ಲ ಎಂದು ತಲೆ ಆಡಿಸಿದೆ.

"ಕೌದಿ ಹಸಿದಿರಬಾರದಂತ, ಹೊಲದಾಕಿ ಹಸಿದಿರಬೇಕಂತ! ಯಾವ ಊರ ಪದ್ಧತಿ ಇದು?" ಎಂದು ಗದರಿ, ಕೈಯಲ್ಲಿದ್ದ ಆ ಮೊದಲ ತುತ್ತನ್ನು ನನ್ನ ಬಾಯಿಗೆ ಹಾಕಿದರು. ಆಮೇಲೆ ತಾವು ತಿಂದರು. ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು, ನಿಧಾನವಾಗಿ, ಒಂದು ರೊಟ್ಟಿ ಪೂರ್ತಿ ತಿಂದರು. ಕಡೆಯ ಚೂರನ್ನು ಮೂಲೆಯೊಳಗಿಟ್ಟು ಸೂಜಿ ನನ್ನ ಕೈಗೆ ಕೊಟ್ಟರು. "ಮುಚ್ಚು. ಹಾಸಿಗಿ ಮೊದಲ ಹಾಸಿಟ್ಟೀವಿ, ಮಲಗೋರು ಸಾವಕಾಶ ಬರ್ಲಿ ಬಿಡು" ಎಂದರು.

ಮರುದಿನದಿಂದ ಅತ್ತೆ ದಿನಾ ರೊಟ್ಟಿ ಮುರಿದು ನನಗೂ ಕೊಟ್ಟು, ತಾವೂ ತಿಂದು, ದೊಡ್ಡ ಕೌದಿಯನ್ನು ಹಿಡಿದು ಕೂತರು. ಒಂದು ತುದಿ ಅವರದು, ಒಂದು ತುದಿ ನನ್ನದು. ಮೊಂಬಾಸಾ ತಲುಪಿದಾಗ ರೊಟ್ಟಿ ಗಂಟು ತಳ ಕಂಡಿತ್ತು. ಮಗ ಕಾಲಿಗೆ ಬಿದ್ದು ಮೇಲೆದ್ದಾಗ ಅತ್ತೆ ಹೇಳಿದ ಮೊದಲ ಮಾತು, "ನಿನ್ನ ಪಾಲಿನ ರೊಟ್ಟಿ ನಾನು ನನ್ನ ಸೊಸಿ ಕೂಡಿ ತಿಂದೀವಪಾ. ಏನರ ಅನ್ನೂದಿದ್ದರ ನನಗ ಅನ್ನು, ಆಕಿಗಿ ಅನಬ್ಯಾಡ."

ಅತ್ತೆ ಆ ಮೇಲೆ ಬಹಳ ವರ್ಷ ಬದುಕಿದರು. ತಾವು ಬಯಸಿದಂತೆ ಶಿರವಾಳದ ಹೊಲದ ಮಣ್ಣಿನಲ್ಲೇ ಮಲಗಿದ್ದಾರೆ. ಈಗ ನಾನೇ ಅವರ ಅಂದಿನ ವಯಸ್ಸನ್ನು ದಾಟಿದ್ದೇನೆ. ಮನೆ ತುಂಬ ಮೊಮ್ಮಕ್ಕಳಿದ್ದಾರೆ. ಅಡುಗೆ ಮಾಡಿ ಬಡಿಸಿ ಎಲ್ಲರದೂ ಆದಮೇಲೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತಾಗ, "ನೀ ಉಂಡೀ ಏನು?" ಎಂದು ಗದರುವ ಆ ದನಿ ಇಲ್ಲವಲ್ಲ ಎಂದು ಇವತ್ತಿಗೂ ಕೈ ತುತ್ತಿನ ಮೇಲೆ ನಿಂತುಬಿಡುತ್ತದೆ.